ಹೆಬ್ಬಾತು ಇಳಿದ ಹೊಲದವನಿಗೆ ಏನು ಸಿಕ್ಕಿತು?

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಣಿವೆಯಲ್ಲಿ ಭತ್ತ ಬೆಳೆಯುವ ಅನೇಕ ರೈತರಿಗೆ ಒಂದೇ ಗದ್ದೆಯಿಂದ ವರ್ಷಕ್ಕೆ ಎರಡು ಆದಾಯ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಭತ್ತ ಕಟಾವಾಗುತ್ತದೆ. ಆಮೇಲೆ ಅದೇ ಗದ್ದೆಗೆ ಕಣಕಾಲು ಮುಳುಗುವಷ್ಟು ನೀರು ಬಿಟ್ಟು ಚಳಿಗಾಲದ ಬೇಟೆಗೆ ಗುತ್ತಿಗೆ ಕೊಡುತ್ತಾರೆ. ಗುತ್ತಿಗೆ ಹಿಡಿಯುವವನು ಬೇಟೆಯ ಗೈಡ್. ದೂರದೂರದಿಂದ ಬರುವ ಬೇಟೆಗಾರರಿಂದ ತಲೆಗೆ ಕೆಲವು ನೂರು ಡಾಲರ್ ಪಡೆದು, ಬೆಳಕು ಹರಿಯುವ ಮುನ್ನವೇ ಅವರನ್ನು ಗದ್ದೆಗೆ ಕರೆದೊಯ್ದು, ಬಾತುಗಳೂ ಹೆಬ್ಬಾತುಗಳೂ ಕೋವಿಯ ಅಳತೆಗೆ ಬರುವಂತೆ ಮಾಡುವುದು ಅವನ ಕಸುಬು. ಆ ದುಡ್ಡಿನಲ್ಲಿ ಒಂದು ಪಾಲು ಗದ್ದೆಯ ಒಡೆಯನಿಗೆ ಹೋಗುತ್ತದೆ. ಹಕ್ಕಿ ಬಂದರೆ ರೈತನಿಗೆ ಲಾಭ, ಬಾರದಿದ್ದರೆ ನಷ್ಟ.

ನಾನು ಈ ಕಣಿವೆಯಲ್ಲಿ ನೆಲೆಸಿ ಬಹಳ ವರ್ಷಗಳಾದವು. ಹುಟ್ಟಿ ಬೆಳೆದದ್ದು ಗದಗ ಜಿಲ್ಲೆಯಲ್ಲಿ. ಅಲ್ಲಿಗೂ ಚಳಿಗಾಲಕ್ಕೆ ಹೆಬ್ಬಾತುಗಳು ಬರುತ್ತವೆ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯಲ್ಲಿ ಹಗಲು ಕಳೆದು, ಸಂಜೆಯಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಇಳಿಯುತ್ತವೆ. ನನ್ನ ಸೋದರಮಾವನ ಕಡಲೆ ಹೊಲಕ್ಕೂ ಇಳಿಯುತ್ತವೆ. ಆ ಹಕ್ಕಿಗಳಿಂದ ಮಾವನಿಗೆ ಈ ತನಕ ಒಂದು ರೂಪಾಯಿಯೂ ಬಂದದ್ದಿಲ್ಲ. ಈ ಬರಹ ಇರುವುದು ಆ ಗದ್ದೆ ಮತ್ತು ಈ ಹೊಲದ ನಡುವಿನ ಅಂತರದ ಬಗ್ಗೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಹಕ್ಕಿಬೇಟೆ ಮತ್ತೆ ಶುರುವಾಗಬೇಕು ಎಂದು ನಾನು ವಾದಿಸುತ್ತಿಲ್ಲ. ಅದು ಬೇಡವೇ ಬೇಡ. ನಾನು ಕೋವಿ ಹಿಡಿದವನಲ್ಲ, ಹಿಡಿಯುವ ಇಚ್ಛೆಯೂ ಇಲ್ಲ. ಆದರೆ ಇಲ್ಲಿನ ಬೇಟೆಯ ಸುತ್ತ ಬೆಳೆದಿರುವ ಏರ್ಪಾಡಿನಲ್ಲಿ ನಾವು ಕಲಿಯಬೇಕಾದದ್ದು ಬಹಳ ಇದೆ, ಮತ್ತು ಅದನ್ನು ಕಲಿಯಲು ಬಂದೂಕು ಬೇಕಾಗಿಲ್ಲ.

ಮೊದಲು ಈ ಗದ್ದೆಗಳ ಕಥೆ. ಕ್ಯಾಲಿಫೋರ್ನಿಯಾದ ನಡುಕಣಿವೆ ಒಂದು ಕಾಲಕ್ಕೆ ಚಳಿಗಾಲವಿಡೀ ನೀರು ನಿಲ್ಲುವ ಜೌಗು ಸೀಮೆಯಾಗಿತ್ತು. ಕಾಲುವೆ ತೋಡಿ, ಒಡ್ಡು ಕಟ್ಟಿ, ಉತ್ತು, ಅದರಲ್ಲಿ ಶೇಕಡಾ 90ಕ್ಕೂ ಹೆಚ್ಚಿನ ಭಾಗವನ್ನು ಮನುಷ್ಯರು ಇಲ್ಲವಾಗಿಸಿದರು. ಅಲಾಸ್ಕ, ಕೆನಡಾದ ಉತ್ತರ ತುದಿ, ರಷ್ಯದ ರ್ಯಾಂಗೆಲ್ ದ್ವೀಪ, ಇಷ್ಟು ದೂರದಿಂದ ಬರುವ ಲಕ್ಷಾಂತರ ನೀರುಹಕ್ಕಿಗಳಿಗೆ ಈಗ ದೊಡ್ಡ ಆಸರೆ ಎಂದರೆ ಕಣಿವೆಯ ಸುಮಾರು 5 ಲಕ್ಷ ಎಕರೆ ಭತ್ತದ ಗದ್ದೆ. ಹಿಂದೆ ರೈತರು ಕಟಾವಿನ ನಂತರ ಕೂಳೆಗೆ ಬೆಂಕಿ ಇಡುತ್ತಿದ್ದರು. ಕಣಿವೆಯ ತುಂಬ ಹೊಗೆ. 1991ರಲ್ಲಿ ರಾಜ್ಯ ಕಾನೂನು ತಂದು ಹಂತಹಂತವಾಗಿ ಆ ಸುಡುವಿಕೆಗೆ ಕಡಿವಾಣ ಹಾಕಿತು. ಸುಡುವಂತಿಲ್ಲ ಎಂದ ಮೇಲೆ ರೈತರು ಹುಲ್ಲನ್ನು ಕೊಳೆಸಲು ಗದ್ದೆಯಲ್ಲಿ ನೀರು ನಿಲ್ಲಿಸತೊಡಗಿದರು. ನೀರಿನಲ್ಲಿ ಉದುರಿದ ಕಾಳು ಸಿಕ್ಕಿತು, ಹುಳು ಸಿಕ್ಕಿತು, ಹಕ್ಕಿಗಳು ಬಂದು ಸೇರಿದವು. ದೆಹಲಿಯ ನವೆಂಬರ್ ಹೊಗೆಯ ಸುದ್ದಿ ಓದಿದಾಗಲೆಲ್ಲ ಇದು ನೆನಪಾಗುತ್ತದೆ. ಪಂಜಾಬಿನಲ್ಲಿ ಭತ್ತದ ಹಿಂದೆಯೇ ಗೋಧಿ ಬಿತ್ತಬೇಕಾಗಿರುವುದರಿಂದ ಈ ಉಪಾಯ ಅಲ್ಲಿ ನಡೆಯುವುದಿಲ್ಲ, ಅದು ಬೇರೆ ಮಾತು.

ಡಿಸೆಂಬರಿನ ಒಂದು ಬೆಳಗಿನ ಜಾವ ಕಚೇರಿಯ ಗೆಳೆಯರೊಂದಿಗೆ ಇಂಥ ಒಂದು ಬೇಟೆಗೆ ಹೋಗಿದ್ದೆ. ಕೋವಿಯಿಲ್ಲದೆ ಸುಮ್ಮನೆ ಕುಳಿತು ನೋಡುತ್ತೇನೆ ಎಂದಾಗ ಗೈಡ್ ಒಪ್ಪಿದ. ಅವನ ಕೆಲಸ ಹಿಂದಿನ ಮಧ್ಯಾಹ್ನವೇ ಶುರುವಾಗಿತ್ತು. ಹಕ್ಕಿಗಳು ಯಾವ ಗದ್ದೆಯಿಂದ ಏಳುತ್ತವೆ, ಎಲ್ಲಿ ಇಳಿಯುತ್ತವೆ, ಮರುದಿನ ಗಾಳಿ ಎತ್ತಲಿಂದ ಬೀಸುತ್ತದೆ, ಎಲ್ಲವನ್ನೂ ಜೀಪಿನಲ್ಲಿ ಸುತ್ತಿ ನೋಡಿಟ್ಟುಕೊಂಡಿದ್ದ. ನಾವು ತಲುಪುವ ಹೊತ್ತಿಗೆ ನೀರಿನಲ್ಲಿ ದೀವದ ಹಕ್ಕಿಗಳನ್ನು ಹರಡಿ ಮುಗಿಸಿದ್ದ. ಬಾತು, ಹೆಬ್ಬಾತುಗಳ ಆಕಾರದ ಪ್ಲಾಸ್ಟಿಕ್ ಬೊಂಬೆಗಳು ಅವು. ಗಾಳಿ ತುಂಬಿ ಅಲುಗಾಡುವ ಬಿಳಿ ಬಟ್ಟೆಯ ಚೀಲಗಳು ಬೇರೆ ನೂರಾರು. ನಡುವೆ ಒಂದಷ್ಟು ಖಾಲಿ ಜಾಗ ಬಿಟ್ಟಿದ್ದ. ಹಕ್ಕಿ ಗಾಳಿಗೆ ಎದುರಾಗಿ ಇಳಿಯುತ್ತದೆ, ಹಾಗೆ ಇಳಿಯುವ ಜಾಗ ಕೋವಿಗಳ ಮುಂದೆಯೇ ಇರಬೇಕು. ಗದ್ದೆಯ ಬದುವಿನಲ್ಲಿ ಹೂತಿಟ್ಟ ಲೋಹದ ದೊಡ್ಡ ಪೆಟ್ಟಿಗೆಯೊಳಗೆ ನಮ್ಮನ್ನು ಸಾಲಾಗಿ ಕೂರಿಸಿ ಮೇಲೆ ಭತ್ತದ ಹುಲ್ಲು ಹೊದಿಸಿದ. ಪಕ್ಕದಲ್ಲಿ ಅವನ ಕಪ್ಪು ಲ್ಯಾಬ್ರಡಾರ್ ನಾಯಿ, ಮೈಯೆಲ್ಲ ಒದ್ದೆಯಾಗಿ ನಡುಗುತ್ತಿತ್ತು, ಕಣ್ಣು ಮಾತ್ರ ಆಕಾಶದಿಂದ ಕದಲಲಿಲ್ಲ.

ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಗುಂಡು ಹಾರಿಸಲು ಕಾನೂನು ಬಿಡುತ್ತದೆ. ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಕಂಡದ್ದು ಮಂಜು, ಮಂಜಿನೊಳಗೆ ಓಡಾಡುವ ಕಪ್ಪು ಚುಕ್ಕೆಗಳು. ಗೈಡಿಗೆ ಮಾತ್ರ ಎಲ್ಲ ಗೊತ್ತಾಗುತ್ತಿತ್ತು. ಸಿಳ್ಳೆ ಕೇಳಿದೊಡನೆ ಇದು ಸೂಜಿಬಾಲದ ಬಾತಿನ ಗಂಡು ಎನ್ನುತ್ತಿದ್ದ. ರೆಕ್ಕೆ ಬಡಿಯುವ ವೇಗ ನೋಡಿ ಇದು ಚಿಕ್ಕ ಬಾತು, ಬಿಡಿ ಎನ್ನುತ್ತಿದ್ದ. ಒಮ್ಮೆ ಎರಡು ಮಲ್ಲಾರ್ಡ್ ಬಾತುಗಳು ತಲೆಯ ಮೇಲೆಯೇ ಬಂದಾಗ, ಮುಂದಿನದು ಹೆಣ್ಣು, ಹೊಡೆಯಬೇಡಿ ಎಂದು ಕೂಗಿದ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಬೇಟೆಗಾರ ದಿನಕ್ಕೆ ಒಟ್ಟು 7 ಬಾತುಗಳನ್ನು ಹೊಡೆಯಬಹುದು, ಅದರಲ್ಲಿ ಹೆಣ್ಣು ಮಲ್ಲಾರ್ಡ್ ಎರಡನ್ನು ಮೀರುವಂತಿಲ್ಲ. ಗೆಳೆಯನ ಬೆರಳು ಕೋವಿಯ ಟ್ರಿಗರ್ ಮೇಲಿತ್ತು, ಕೂಗು ಕೇಳಿ ಕೋವಿ ಇಳಿಸಿದ. ಗೈಡಿನ ಕೊರಳಿನ ದಾರದಲ್ಲಿ ಬಾತಿನ ದನಿ ಹೊರಡಿಸುವ ಮರದ ಪೀಪಿಗಳು ತೂಗುತ್ತಿದ್ದವು. ಹೆಬ್ಬಾತಿಗೊಂದು, ಮಲ್ಲಾರ್ಡಿಗೊಂದು, ಸೂಜಿಬಾಲಕ್ಕೆ ಸಿಳ್ಳೆಯೊಂದು. ಅವನು ಊದಿದಾಗ ಮೇಲೆ ಹಾರಿಹೋಗುತ್ತಿದ್ದ ಸಾಲು ಕೊಂಕಿ ಕೆಳಗೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡೆ. ಹಾಗೆ ಹಕ್ಕಿಯ ಮಾತನ್ನು ಬಲ್ಲ ಮನುಷ್ಯನ ಬಗ್ಗೆ ನನಗೆ ಗೌರವ ಮೂಡಿತು, ಅವನು ಕರೆದದ್ದು ಸಾಯಿಸುವುದಕ್ಕೆ ಎಂಬ ಸಂಕಟದ ಜೊತೆಗೇ.

ಆ ಸಂಕಟವನ್ನೂ ಹೇಳಬೇಕು. ನಾಯಿ ನೀರಿಗೆ ಹಾರಿ, ಒಂದು ಸೂಜಿಬಾಲದ ಗಂಡನ್ನು ಹಲ್ಲೂರದಂತೆ ಕಚ್ಚಿ ತಂದು ಗೈಡಿನ ಕೈಗಿಟ್ಟಿತು. ಅವನು ಅದನ್ನು ನನಗೆ ಹಿಡಿಯಲು ಕೊಟ್ಟ. ಚಾಕೊಲೇಟ್ ಬಣ್ಣದ ತಲೆ, ಕತ್ತಿನ ಪಕ್ಕದಲ್ಲಿ ಮೇಲೇರುವ ಬಿಳಿ ಗೆರೆ, ಬೂದು ಬಣ್ಣದ ಬೆನ್ನಿನ ಮೇಲೆ ಕೂದಲೆಳೆಯಂಥ ಕಪ್ಪು ಅಲೆಗಳು, ಕೊನೆಗೆ ಆ ಉದ್ದ ಬಾಲ. ಎದೆ ಇನ್ನೂ ಬೆಚ್ಚಗಿತ್ತು. ಕೊಕ್ಕಿನ ತುದಿಯಲ್ಲಿ ಒಂದು ಹನಿ ರಕ್ತ. ಇದೇ ಜಾತಿಯ ಬಾತು ಚಳಿಗಾಲದಲ್ಲಿ ನಮ್ಮ ನಾಡಿನ ಕೆರೆಗಳಿಗೂ ಬರುತ್ತದೆ, ಅಲ್ಲಿಗೆ ಉತ್ತರ ಏಷ್ಯದಿಂದ, ಇಲ್ಲಿಗೆ ಅಲಾಸ್ಕ, ಕೆನಡಾದಿಂದ. ಊರಿನ ಕೆರೆಯ ಏರಿಯ ಮೇಲೆ ನಿಂತು ದೂರದಿಂದ ಕಂಡಿದ್ದ ಹಕ್ಕಿಯನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದು ಸತ್ತ ಮೇಲೆ ಎಂಬುದು ನನಗೆ ಈಗಲೂ ಒಗ್ಗುವುದಿಲ್ಲ.

ಇನ್ನೊಂದು ಹೆಬ್ಬಾತು ಚರೆ ತಾಗಿಯೂ ಬೀಳದೆ, ರೆಕ್ಕೆ ಚಾಚಿಕೊಂಡೇ ಜಾರುತ್ತ ದೂರದ ಜೊಂಡಿನೊಳಗೆ ಹೋಯಿತು. ಗಾಯಗೊಂಡ ಹಕ್ಕಿಯನ್ನು ಹುಡುಕಲು ತಕ್ಕ ಪ್ರಯತ್ನ ಮಾಡಲೇಬೇಕೆಂದು ಕಾನೂನಿದೆ. ಗೈಡ್ ಬೇಟೆ ನಿಲ್ಲಿಸಿ, ನಾಯಿಯೊಡನೆ ಬಹಳ ಹೊತ್ತು ಹುಡುಕಿದ. ಸಿಗಲಿಲ್ಲ. ಹೀಗೆ ಕಾಣೆಯಾಗಿ ಎಲ್ಲೋ ನರಳಿ ಸಾಯುವ ಹಕ್ಕಿ ಯಾವ ಬೇಟೆಗಾರನ ಫೋಟೊದಲ್ಲೂ ಇರುವುದಿಲ್ಲ. ಮತ್ತೆ, ಬಿಳಿ ಹೆಬ್ಬಾತುಗಳ ಮಿತಿ ಇಲ್ಲಿ ದಿನಕ್ಕೆ ಒಬ್ಬರಿಗೆ 20. ಈ ಬಿಳಿ ಹೆಬ್ಬಾತುಗಳು ಮಿತಿಮೀರಿ ಹೆಚ್ಚಿ, ತಾವೇ ಗೂಡು ಕಟ್ಟುವ ಉತ್ತರ ಧ್ರುವದಂಚಿನ ಹುಲ್ಲುನೆಲವನ್ನು ಕೆಲವೆಡೆ ಬರಿದು ಮಾಡಿವೆ ಎಂಬುದು ನಿಜ, ಅದಕ್ಕೇ ಮಿತಿಯನ್ನು ಸಡಿಲಿಸಿದ್ದಾರೆ. ಆದರೂ ಒಬ್ಬ ಮನುಷ್ಯ ಒಂದು ಬೆಳಗಿನಲ್ಲಿ 20 ಹೆಬ್ಬಾತುಗಳನ್ನು ಕೊಂದು ಮಾಡುವುದೇನು? ಕಾಡುಹಕ್ಕಿಯ ಮಾಂಸ ಮಾರುವಂತಿಲ್ಲ. ಮನೆಮಂದಿ ಎಷ್ಟು ತಿಂದಾರು? ಮಿತಿ ಮುಟ್ಟಿದರೆ ಮಾತ್ರ ಕೊಟ್ಟ ಹಣ ಸಾರ್ಥಕ ಎಂಬ ಭಾವನೆಯನ್ನು ಕೆಲವು ಗೈಡುಗಳ ಜಾಹೀರಾತುಗಳೇ ಬೆಳೆಸುತ್ತವೆ. ಹಕ್ಕಿಗಳನ್ನು ಟ್ರಕ್ಕಿನ ಮೇಲೆ ಸಾಲಾಗಿ ಜೋಡಿಸಿ ತೆಗೆದ ಆ ಫೋಟೊಗಳು ನನಗೆ ಹೇಸಿಗೆ ತರಿಸುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ಈ ಬೇಟೆಗಾರರು ಹಕ್ಕಿಗಳಿಗಾಗಿ ಮಾಡಿಕೊಂಡಿರುವ ಕಟ್ಟುಪಾಡುಗಳನ್ನು ನೋಡಿದರೆ ತಲೆಬಾಗಲೇಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದವರು ದೋಣಿಗೆ ತೋಪಿನಂಥ ಕೋವಿ ಕಟ್ಟಿ, ಒಂದೇ ಗುಂಡಿಗೆ ಹಿಂಡುಹಿಂಡು ಬಾತುಗಳನ್ನು ಕೊಂದು ಪೇಟೆಗೆ ಮಾರಿದವರು. ಆ ಮಾರಾಟದ ಬೇಟೆಗೆ ಕೊನೆ ಹಾಡಿದ್ದು ಅಮೆರಿಕ ಮತ್ತು ಕೆನಡಾದ ಪರವಾಗಿ ಬ್ರಿಟನ್ 1916ರಲ್ಲಿ ಮಾಡಿಕೊಂಡ ವಲಸೆ ಹಕ್ಕಿಗಳ ಒಪ್ಪಂದ, ಅದರ ಬೆನ್ನಿಗೇ ಬಂದ 1918ರ ಕಾಯ್ದೆ. 1934ರಲ್ಲಿ ಡಕ್ ಸ್ಟಾಂಪ್ ಬಂತು. ಹದಿನಾರು ವರ್ಷ ತುಂಬಿದ ಪ್ರತಿ ನೀರುಹಕ್ಕಿ ಬೇಟೆಗಾರನೂ ವರ್ಷಕ್ಕೊಮ್ಮೆ ಈ ಚೀಟಿ ಕೊಳ್ಳಲೇಬೇಕು. ಆಗ ಬೆಲೆ 1 ಡಾಲರ್, ಈಗ 25. ಮೊದಲ ಚೀಟಿಯ ಚಿತ್ರ ಬರೆದದ್ದು ಡಿಂಗ್ ಡಾರ್ಲಿಂಗ್ ಎಂಬ ಪತ್ರಿಕಾ ವ್ಯಂಗ್ಯಚಿತ್ರಕಾರ, ಆಗ ಅವನೇ ಸರ್ಕಾರದ ವನ್ಯಜೀವಿ ಇಲಾಖೆಯ ಮುಖ್ಯಸ್ಥನೂ ಆಗಿದ್ದ. ಪ್ರತಿ ಡಾಲರಿನಲ್ಲಿ 98 ಸೆಂಟ್ ನೇರವಾಗಿ ಜೌಗು ನೆಲವನ್ನು ಕೊಳ್ಳಲು ಅಥವಾ ಕಾಯ್ದಿಡಲು ಹೋಗುತ್ತದೆ. ಹೀಗೆ ಈ ವರೆಗೆ ಉಳಿದ ನೆಲ 60 ಲಕ್ಷ ಎಕರೆಗೂ ಹೆಚ್ಚು. ಬೇಟೆಯಾಡದವರೂ ಈ ಚೀಟಿ ಕೊಳ್ಳಬಹುದು. ನಾನು ವರ್ಷವೂ ಕೊಳ್ಳುತ್ತೇನೆ. ಪ್ರವೇಶ ಶುಲ್ಕವಿರುವ ರಾಷ್ಟ್ರೀಯ ವನ್ಯಜೀವಿಧಾಮಗಳಿಗೆ ಅದೇ ಟಿಕೆಟ್ ಕೂಡ.

ಸೀಸದ ಚರೆಯ ವಿಷಯವೂ ಹಾಗೆಯೇ. ನೀರಿನ ತಳಕ್ಕೆ ಬಿದ್ದ ಸೀಸದ ಚರೆಯನ್ನು ಬಾತುಗಳು ಮರಳುಕಲ್ಲೆಂದು ನುಂಗಿ, ವಿಷವೇರಿ ಸಾಯುತ್ತಿದ್ದವು. 1991ರಿಂದ ದೇಶದಾದ್ಯಂತ ನೀರುಹಕ್ಕಿ ಬೇಟೆಗೆ ಸೀಸ ನಿಷಿದ್ಧ, ಉಕ್ಕು ಮುಂತಾದ ವಿಷವಲ್ಲದ ಚರೆಯನ್ನೇ ಬಳಸಬೇಕು. ಕೋವಿಯಲ್ಲಿ ಒಮ್ಮೆಗೆ ಮೂರಕ್ಕಿಂತ ಹೆಚ್ಚು ತೋಟಾ ಇರುವಂತಿಲ್ಲ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಲೆಕ್ಕದ ಶಿಸ್ತು. 1955ರಿಂದ ಅಮೆರಿಕ ಮತ್ತು ಕೆನಡಾದ ಜೀವಶಾಸ್ತ್ರಜ್ಞರು ಮೇ ತಿಂಗಳ ಹೊತ್ತಿಗೆ ಚಿಕ್ಕ ವಿಮಾನಗಳಲ್ಲಿ ತಗ್ಗಾಗಿ ಹಾರುತ್ತ ಬಾತುಗಳನ್ನೂ ಹೊಂಡಗಳನ್ನೂ ಎಣಿಸುತ್ತಾರೆ. ಕೊರೋನಾ ಕಾರಣಕ್ಕೆ 2020, 2021ರಲ್ಲಿ ಮಾತ್ರ ಎಣಿಕೆ ತಪ್ಪಿತು. ಎಷ್ಟು ದಿನ ಬೇಟೆ, ದಿನಕ್ಕೆ ಎಷ್ಟು ಹಕ್ಕಿ ಎಂಬುದನ್ನು ಈ ಎಣಿಕೆಯ ಆಧಾರದ ಮೇಲೆ ತೀರ್ಮಾನಿಸುತ್ತಾರೆ.

ಕಣಿವೆಗೆ ಬರುವ ಬಿಳಿಹಣೆಯ ಹೆಬ್ಬಾತುಗಳ ಕಥೆ ಇವೆಲ್ಲಕ್ಕಿಂತ ದೊಡ್ಡದು. ಇವು ಗೂಡು ಕಟ್ಟುವುದು ಪಶ್ಚಿಮ ಅಲಾಸ್ಕದ ಯೂಕಾನ್ ಮತ್ತು ಕಸ್ಕೋಕ್ವಿಮ್ ನದಿಗಳ ಮುಖಜ ಭೂಮಿಯಲ್ಲಿ. ಅಲ್ಲಿ ಯೂಪಿಕ್ ಎಂಬ ಮೂಲನಿವಾಸಿಗಳ ಹಳ್ಳಿಗಳಿವೆ. ದೀರ್ಘ ಚಳಿಗಾಲ ಕಳೆದ ಮೇಲೆ ಅವರಿಗೆ ಮೊದಲು ಸಿಗುವ ತಾಜಾ ಮಾಂಸವೇ ಈ ಹೆಬ್ಬಾತು, ಅದರ ಮೊಟ್ಟೆಯೂ ಅವರ ಆಹಾರ. 1970ರ ದಶಕದ ಕೊನೆಯ ಹೊತ್ತಿಗೆ ಈ ಹಕ್ಕಿಗಳ ಸಂಖ್ಯೆ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. ಕ್ಯಾಲಿಫೋರ್ನಿಯಾದವರು ಯೂಪಿಕರನ್ನು ದೂರಿದರು, ಯೂಪಿಕರು ಕ್ಯಾಲಿಫೋರ್ನಿಯಾದವರನ್ನು. ಕೊನೆಗೆ 1984ರಲ್ಲಿ ಹೂಪರ್ ಬೇ ಎಂಬ ಹಳ್ಳಿಯ ಹೆಸರಿನಲ್ಲಿ ಒಂದು ಒಪ್ಪಂದವಾಯಿತು. ಅವರು ಮೊಟ್ಟೆ ಆರಿಸುವುದನ್ನೂ ಗೂಡಿನ ಕಾಲದ ಬೇಟೆಯನ್ನೂ ತಗ್ಗಿಸಬೇಕು, ಇವರು ಚಳಿಗಾಲದ ಬೇಟೆಯನ್ನು ತಗ್ಗಿಸಬೇಕು. ಎರಡೂ ಕಡೆಯವರು ನಡೆಸಿಕೊಟ್ಟರು. ಮುಂದೆ ಆ ಹೆಬ್ಬಾತುಗಳು ಐದು ಲಕ್ಷ ದಾಟಿದವು. ಹಕ್ಕಿ ಹುಟ್ಟುವ ಊರಿನವರೂ ಅದು ಚಳಿಗಾಲ ಕಳೆಯುವ ಊರಿನವರೂ ಎದುರುಬದುರು ಕುಳಿತು ಮಾತನಾಡಿದ್ದರಿಂದ ಆದ ಕೆಲಸ ಇದು. ಇಬ್ಬರಿಗೂ ಆ ಹಕ್ಕಿ ಬೇಕಾಗಿತ್ತು.

ಬೇಟೆಯಿಲ್ಲದೆ ಇದೆಲ್ಲ ಸಾಧ್ಯವೇ ಇಲ್ಲ ಎಂದು ಇಲ್ಲಿನ ಬೇಟೆಗಾರರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ, ಮತ್ತು ಒಪ್ಪದಿರಲು ಇದೇ ಕಣಿವೆಯಲ್ಲಿ ಪುರಾವೆ ಇದೆ. 2014ರಲ್ಲಿ ದಿ ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಬರ್ಡ್ ರಿಟರ್ನ್ಸ್ ಎಂಬ ಯೋಜನೆ ಶುರುಮಾಡಿತು. ಹಕ್ಕಿವೀಕ್ಷಕರು ದಾಖಲಿಸಿದ ಮಾಹಿತಿಯಿಂದ ಯಾವ ವಾರಗಳಲ್ಲಿ ಎಲ್ಲಿ ನೀರು ಬೇಕು ಎಂದು ಮೊದಲು ಗುರುತಿಸಿಕೊಳ್ಳುತ್ತಾರೆ. ಆಮೇಲೆ, ಆ ವಾರಗಳಲ್ಲಿ ಗದ್ದೆಗೆ ನೀರು ನಿಲ್ಲಿಸಲು ಎಷ್ಟು ಹಣ ಬೇಕು ಎಂದು ರೈತರನ್ನೇ ಕೇಳುತ್ತಾರೆ. ಕಡಿಮೆ ಕೇಳಿದವರಿಗೆ, ಒಳ್ಳೆಯ ಜಾಗವಿದ್ದವರಿಗೆ ಹಣ ಕೊಟ್ಟು ನೀರು ನಿಲ್ಲಿಸುತ್ತಾರೆ. ದಡದ ಉದ್ದನೆಯ ಕಾಲಿನ ಚಿಕ್ಕ ಹಕ್ಕಿಗಳು ಬಂದಿಳಿಯುತ್ತವೆ. ಗುಂಡಿನ ಸದ್ದಿಲ್ಲ. ರೈತನಿಗೆ ಬೇಕಾಗಿರುವುದು ನ್ಯಾಯವಾದ ಆದಾಯ, ಅದು ಬೇಟೆಗಾರನಿಂದ ಬಂದರೂ ಸರಿ, ಹಕ್ಕಿಪ್ರೇಮಿಯಿಂದ ಬಂದರೂ ಸರಿ. 2022ರ ಬರಗಾಲದಲ್ಲಿ ಕಣಿವೆಯ ಅರ್ಧದಷ್ಟು ಭತ್ತ ಬಿತ್ತನೆಯಾಗದೆ ಉಳಿದಾಗ, ಗದ್ದೆ ಒಣಗಿದರೆ ಹಕ್ಕಿಗೂ ನೆಲೆಯಿಲ್ಲ ಎಂಬುದು ಎಲ್ಲರಿಗೂ ಅರ್ಥವಾಯಿತು.

ಈಗ ನಮ್ಮ ಕಡೆಗೆ ಬರುತ್ತೇನೆ. ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವಂಥವು. ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಿಗೆ ಪಟ್ಟಿ ತೊಡಿಸಿದ ಹಕ್ಕಿಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡಿವೆ. 2024ರ ಜನವರಿಯಲ್ಲಿ ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ, ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದವು. ರಂಗನತಿಟ್ಟು 2022ರಲ್ಲೇ ಸೇರಿತ್ತು. ಇಂಥ ಸುದ್ದಿ ಬಂದಾಗ ದೂರದಲ್ಲಿರುವ ನಮಗೆ ಹೆಮ್ಮೆಯೆನಿಸುತ್ತದೆ, ವಾಟ್ಸ್ಆಪ್ ಗುಂಪುಗಳಲ್ಲಿ ಹಂಚಿಕೊಳ್ಳುತ್ತೇವೆ. ಆದರೆ ಪಟ್ಟಿಗೆ ಸೇರಿದ್ದು ಕೆರೆ. ಹಕ್ಕಿ ಹೊಟ್ಟೆ ತುಂಬಿಸಿಕೊಳ್ಳುವುದು ಕೆರೆಯ ಹೊರಗೆ, ಕಡಲೆ, ಶೇಂಗಾ ಹೊಲಗಳಲ್ಲಿ. ಆ ಹೊಲಗಳು ಯಾವ ಪಟ್ಟಿಯಲ್ಲೂ ಇಲ್ಲ.

ಕಳೆದ ಬಾರಿ ಊರಿಗೆ ಹೋದಾಗ ಮಾವನನ್ನು ಈ ಬಗ್ಗೆ ಕೇಳಿದೆ. ಬದುವಿನ ಮೇಲೆ ಕುಳಿತು ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದವರು ಹೇಳಿದರು: “ಬರುತ್ತವೆ ತಮ್ಮಾ, ಎಳೆ ಚಿಗುರು ಮೇಯುತ್ತವೆ. ಹಿಕ್ಕೆ ಹಾಕಿ ಹೋಗುತ್ತವೆ, ಅದು ಗೊಬ್ಬರವಾಗುತ್ತದೆ. ಅಷ್ಟು ದೂರದಿಂದ ಬಂದ ಜೀವಗಳನ್ನು ಓಡಿಸಲು ಮನಸ್ಸು ಬರುವುದಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ನನ್ನ ಕಾಲಕ್ಕೆ ಇದು ನಡೆದೀತು. ನನ್ನ ಮಗ ಹೀಗೆಯೇ ಬಿಡುತ್ತಾನೆ ಎಂದು ಹೇಳಲಾರೆ” ಎಂದರು. ಅವರು ಯಾರಿಂದಲೂ ಪರಿಹಾರ ಕೇಳಿದವರಲ್ಲ. ಅವರ ಈ ಔದಾರ್ಯದ ಮೇಲೆ ಅಂತರರಾಷ್ಟ್ರೀಯ ಮಹತ್ವದ ಒಂದು ಹಕ್ಕಿನೆಲೆ ನಿಂತಿದೆ. ಔದಾರ್ಯವನ್ನು ನಾವೆಲ್ಲ ಹೊಗಳುತ್ತೇವೆ, ಅದರ ಖರ್ಚನ್ನು ಮಾತ್ರ ಅವರೊಬ್ಬರೇ ಹೊರುತ್ತಾರೆ. ಇದು ಸರಿಯಲ್ಲ.

ನಮ್ಮಲ್ಲಿಯೂ ಬೇಟೆಯಿತ್ತು. ಭರತಪುರದ ಕೇವಲಾದೇವ್ ಜೌಗಿನಲ್ಲಿ 1938ರ ನವೆಂಬರ್ 12ರಂದು ವೈಸರಾಯ್ ಲಿನ್ಲಿತ್ಗೋ ಪರಿವಾರ ಒಂದೇ ದಿನ 4,273 ಹಕ್ಕಿಗಳನ್ನು ಕೊಂದಿತು. ಆ ಲೆಕ್ಕ ಅಲ್ಲಿ ಕಲ್ಲಿನ ಮೇಲೆ ಕೆತ್ತಿದೆ. ಆ ಬೇಟೆಯಿಂದ ಹಳ್ಳಿಯವರಿಗೆ ಬಂದದ್ದೇನೂ ಇರಲಿಲ್ಲ, ಅದು ದೊರೆಗಳ ದರ್ಬಾರಿನ ಮುಂದುವರಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಮತ್ತು ಪರವಾನಗಿ ಬೇಟೆಗೂ ತೆರೆ ಎಳೆದ 1991ರ ತಿದ್ದುಪಡಿ, ಇವೆರಡೂ ಆಗಬೇಕಾದ ಕೆಲಸಗಳೇ. ಜನಸಾಂದ್ರ ನಾಡಿನಲ್ಲಿ, ಕಾವಲು ಕಡಿಮೆಯಿರುವ ಕೆರೆಗಳಲ್ಲಿ, ಕೋವಿಗೆ ಪರವಾನಗಿ ಕೊಟ್ಟು ಮಿತಿ ಕಾಯುವುದು ಆಗದ ಮಾತು. ಆದರೆ ಕಾಯ್ದೆ ಹಕ್ಕಿಯ ಜೀವ ಉಳಿಸಿತೇ ಹೊರತು, ಹಕ್ಕಿಯನ್ನು ಬಲ್ಲ ಮನುಷ್ಯನಿಗೆ ಬೇರೆ ಕೆಲಸ ಕೊಡಲಿಲ್ಲ. ಹಕ್ಕಿಪಿಕ್ಕಿ ಜನರನ್ನೇ ನೋಡಿ. ಬಲೆ ಒಡ್ಡುವುದರಲ್ಲಿ, ಹಕ್ಕಿಯ ಜಾಡು ಹಿಡಿಯುವುದರಲ್ಲಿ ತಲೆಮಾರುಗಳ ಜ್ಞಾನ ಅವರದು. ಅಮೆರಿಕದ ಗೈಡ್ ಅದೇ ಬಗೆಯ ಜ್ಞಾನದಿಂದ ಪರವಾನಗಿ ಪಡೆದು, ಭದ್ರತಾ ಠೇವಣಿ ಇಟ್ಟು, ಮರ್ಯಾದೆಯ ಬದುಕು ನಡೆಸುತ್ತಾನೆ. ನಾವು ಹಕ್ಕಿಪಿಕ್ಕಿಗಳ ಜ್ಞಾನವನ್ನು ಅಪರಾಧವೆಂದು ಕರೆದು, ಅವರನ್ನು ಮಣಿಸರ, ಎಣ್ಣೆ ಮಾರುತ್ತ ಊರೂರು ಅಲೆಯಲು ಬಿಟ್ಟೆವು.

ಬೇರೆ ದಾರಿ ಇಲ್ಲವೆಂದಲ್ಲ. ಒಡಿಶಾದ ಚಿಲಿಕಾ ಸರೋವರದ ಅಂಚಿನ ಮಂಗಳಾಜೋಡಿಯಲ್ಲಿ ನೀರುಹಕ್ಕಿಗಳನ್ನು ಕೊಂದು ಮಾರುವುದು ಒಂದು ಕಾಲಕ್ಕೆ ಅನೇಕರ ಜೀವನೋಪಾಯವಾಗಿತ್ತು. ಬರುವ ಹಕ್ಕಿಗಳು ಕೆಲವೇ ಸಾವಿರಕ್ಕೆ ಇಳಿದಿದ್ದವು. ಹಳ್ಳಿಯವರ ಮನವೊಲಿಸಿ, ಬೇಟೆಗಾರರಿಂದಲೇ ಬೇಟೆ ಬಿಡಿಸಿ, ಅವರನ್ನೇ ಕಾವಲುಗಾರರನ್ನಾಗಿ, ದೋಣಿ ನಡೆಸುವ ಗೈಡುಗಳನ್ನಾಗಿ ಮಾಡಿದರು. ಈಗ ಚಳಿಗಾಲದಲ್ಲಿ ಅಲ್ಲಿಗೆ ಬರುವ ಹಕ್ಕಿಗಳು ಲಕ್ಷದ ಲೆಕ್ಕದಲ್ಲಿವೆ. ಹಳೆಯ ಬೇಟೆಗಾರ ಉದ್ದ ಕೋಲಿನಿಂದ ದೋಣಿ ತಳ್ಳುತ್ತ, ಹೆದರದ ಅಂತರದಲ್ಲಿ ನಿಲ್ಲಿಸಿ, ಹಕ್ಕಿಯ ಹೆಸರು ಹೇಳುತ್ತಾನೆ. ಯಾವ ಹಕ್ಕಿ ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತದೆ ಎಂಬುದು ಅವನಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ಮಂಗಳಾಜೋಡಿಯ ಪ್ರವಾಸೋದ್ಯಮ ಟ್ರಸ್ಟಿಗೆ 2018ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಪ್ರಶಸ್ತಿಯೂ ಬಂತು. ಭರತಪುರದಲ್ಲಿ ಸೈಕಲ್ ರಿಕ್ಷಾ ತುಳಿಯುವವರೇ ತರಬೇತಿ ಪಡೆದು ಹಕ್ಕಿ ತೋರಿಸುತ್ತಾರೆ.

ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರನ್ನು ಮರೆಯಬಾರದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯಂಗಳದ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಗೂಡಿರುವ ಮರದ ಹುಣಸೆಯನ್ನು ಬಡಿಯದೆ ಬಿಡುವ ಒಡೆಯರಿಗೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುತ್ತ ಬಂದಿದೆ. ಹಿಕ್ಕೆಯನ್ನು ಊರಿನವರು ಗೊಬ್ಬರಕ್ಕೆ ಬಳಸುತ್ತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಹಕ್ಕಿ ಕೂರುವ ಮರದವನಿಗೆ ಹಣ ಸಲ್ಲಬೇಕು ಎಂಬ ತತ್ವವನ್ನು ಹಾಗಾದರೆ ಕರ್ನಾಟಕ ಆಗಲೇ ಒಪ್ಪಿಕೊಂಡಿದೆ. ಹಕ್ಕಿ ಮೇಯುವ ಹೊಲದವನಿಗೂ ಅದನ್ನು ವಿಸ್ತರಿಸುವುದು ಒಂದೇ ಹೆಜ್ಜೆಯ ದೂರ.

ಮಾಗಡಿಯಲ್ಲಿ ಏನಾಗಬೇಕು? ನನ್ನ ಮನಸ್ಸಿನಲ್ಲಿ ಇರುವುದು ಹೀಗೆ. ನವೆಂಬರಿನಿಂದ ಫೆಬ್ರುವರಿವರೆಗೆ ಹಕ್ಕಿ ನೋಡಲು ಬರುವವರು ಸ್ಥಳೀಯ ಗೈಡ್ ಇಲ್ಲದೆ ಹೊಲಗಳ ಕಡೆ ಹೋಗಬಾರದು. ಗೈಡುಗಳು ಸುತ್ತಲ ಹಳ್ಳಿಯವರೇ ಆಗಿರಬೇಕು, ಅರಣ್ಯ ಇಲಾಖೆಯಿಂದ ತರಬೇತಿ ಮತ್ತು ಗುರುತಿನ ಚೀಟಿ ಪಡೆದವರಾಗಿರಬೇಕು. ಹಕ್ಕಿಪಿಕ್ಕಿ ಮತ್ತು ಹರಣಶಿಕಾರಿ ಸಮುದಾಯದ ಯುವಕರಿಗೆ ಇದರಲ್ಲಿ ಮೊದಲ ಆದ್ಯತೆ ಸಿಗಬೇಕು. ಸ್ಯಾಕ್ರಮೆಂಟೊ ಗೈಡ್ ಹಿಂದಿನ ದಿನವೇ ಗದ್ದೆ ಸುತ್ತುವಂತೆ ಇವರೂ ಸುತ್ತಿ, ಯಾವ ಹೊಲಕ್ಕೆ ಹಿಂಡು ಇಳಿಯುತ್ತದೆ ಎಂದು ತಿಳಿದುಕೊಂಡು, ಆ ಹೊಲದ ಬದುವಿನಲ್ಲಿ ಹುಲ್ಲಿನ ಮರೆ ಕಟ್ಟಲಿ. ನೋಡಲು ಬಂದವರು ಬೆಳಕು ಹರಿಯುವ ಮೊದಲೇ ಅದರೊಳಗೆ ಸೇರಿ, ಹಿಂಡು ಮತ್ತೆ ಕೆರೆಗೆ ಹಾರುವ ತನಕ ಅಲುಗದೆ ಕೂರಲಿ. ಈಗ ಆಗುತ್ತಿರುವುದೇನು? ಲಕ್ಷಾಂತರ ರೂಪಾಯಿಯ ಕ್ಯಾಮೆರಾ ಹೊತ್ತು ಬಂದವರಲ್ಲಿ ಕೆಲವರು ಬಿತ್ತಿದ ಹೊಲವನ್ನೇ ತುಳಿದು, ಹಾರುವ ಚಿತ್ರ ಬೇಕೆಂದು ಹಿಂಡನ್ನು ಎಬ್ಬಿಸಿ ಓಡಿಸುತ್ತಾರೆ. ಸಾವಿರಾರು ಮೈಲಿ ಹಾರಿ ಬಂದು ಕೊಬ್ಬು ಕೂಡಿಡಬೇಕಾದ ಹಕ್ಕಿಗೆ ಪ್ರತಿ ಸಲದ ಹಾರಾಟವೂ ನಷ್ಟ. ಬಂದೂಕಿನವನಿಗಾದರೂ ಇಲ್ಲಿ ಹೊತ್ತಿನ ಮಿತಿಯಿದೆ, ಕ್ಯಾಮೆರಾದವನಿಗೆ ಅಲ್ಲಿ ಯಾವ ಮಿತಿಯೂ ಇಲ್ಲ.

ಒಬ್ಬರಿಗೆ 500 ರೂಪಾಯಿ ಶುಲ್ಕ ಇಟ್ಟರೆ ಬೆಂಗಳೂರು, ಹುಬ್ಬಳ್ಳಿಯಿಂದ ಕಾರಿನಲ್ಲಿ ಬರುವವರಿಗೆ ಅದು ಭಾರವಲ್ಲ. ಸುತ್ತಲ ಶಾಲೆಯ ಮಕ್ಕಳಿಗೆ ಬಿಟ್ಟಿ ಇರಲಿ. ಆ ಹಣದಲ್ಲಿ ಅರ್ಧ ಗೈಡಿಗೆ, ಅರ್ಧ ಹೊಲದವನಿಗೆ. ಲೆಕ್ಕವನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯಬೇಕು, ಯಾರ ಹೊಲ, ಎಷ್ಟು ರಾತ್ರಿ ಹಕ್ಕಿ ಇಳಿದವು, ಎಷ್ಟು ಸಂದಾಯವಾಯಿತು ಎಂದು. ನೋಡುಗರು ಬಾರದ ಹೊಲಕ್ಕೂ ಹಕ್ಕಿ ಇಳಿಯುತ್ತದೆ, ಅಂಥವರಿಗೆ ಬೇರೆ ನಿಧಿಯಿಂದ ಕೊಡಬೇಕಾಗುತ್ತದೆ. ಡಕ್ ಸ್ಟಾಂಪಿನಂತೆ ನಮ್ಮ ಕಲಾವಿದರೊಬ್ಬರು ವರ್ಷಕ್ಕೊಂದು ಹಕ್ಕಿ ಬರೆದುಕೊಡುವ ಚೀಟಿಯನ್ನು ಕರ್ನಾಟಕ ಸರ್ಕಾರ ಮಾರಲಿ, ಬಂದ ಹಣ ಬೇರೆ ಖಾತೆಗೆ ಹೋಗದಂತೆ ಕಾನೂನಿನಲ್ಲಿಯೇ ಬಿಗಿ ಮಾಡಲಿ. ಮೊದಲ ವರ್ಷದ ಚೀಟಿಗೆ ಪಟ್ಟೆತಲೆ ಹೆಬ್ಬಾತೇ ಆಗಬೇಕು ಎಂಬುದು ನನ್ನ ಆಸೆ.

ಹೊರನಾಡಿನಲ್ಲಿರುವ ನಾವು ರಾಜ್ಯೋತ್ಸವಕ್ಕೆ, ಯುಗಾದಿಗೆ ಊಟದ ಎಲೆಗೆ ಕೊಡುವ ಹಣದಲ್ಲಿ ಒಂದಿಷ್ಟನ್ನು ಇಂಥ ಚೀಟಿಗೆ ಕೊಡಲಾರೆವೇ? ಕನ್ನಡ ಕೂಟಗಳಲ್ಲಿ ಈ ಮಾತು ಎತ್ತಿದಾಗ ಬೇಡ ಎಂದವರು ಕಡಿಮೆ. ಎಲ್ಲರೂ ಕೇಳುವುದು, ದುಡ್ಡು ಸರಿಯಾದ ಕೈಗೆ ಸೇರುತ್ತದೆಯೇ ಎಂದು. ಅದಕ್ಕೆ ಮೊದಲು ಬೇಕಾಗಿರುವುದು ಮಾಗಡಿಯ ಸುತ್ತ ಯಾವ ಸರ್ವೆ ನಂಬರಿನ ಹೊಲಕ್ಕೆ ಯಾವ ರಾತ್ರಿ ಎಷ್ಟು ಹಕ್ಕಿ ಇಳಿದವು ಎಂಬ ಒಂದು ಪೂರ್ತಿ ಚಳಿಗಾಲದ ದಾಖಲೆ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯನ್ ನೀರುಹಕ್ಕಿ ಗಣತಿಯಲ್ಲಿ ಸ್ವಯಂಸೇವಕರು ಕೆರೆಗಳ ಹಕ್ಕಿ ಎಣಿಸುತ್ತಿದ್ದಾರೆ, ಅವರ ಶ್ರಮ ದೊಡ್ಡದು. ಆದರೆ ಅದು ಕೆರೆಯ ಲೆಕ್ಕ. ಹೊಲದ ಲೆಕ್ಕ ಬರೆಯಲು ಊರಿನ ಇಬ್ಬರು ಹುಡುಗರು, ನಾಲ್ಕು ತಿಂಗಳು, ಒಂದು ದುರ್ಬೀನು, ಒಂದು ಬೈಕು ಮತ್ತು ಅವರಿಗೆ ತಿಂಗಳ ಸಂಬಳ ಇಷ್ಟು ಸಾಕು. ಮೊದಲ ವರ್ಷದ ಸಂಬಳವನ್ನು ನಾವು ಕೆಲವರು ಸೇರಿ ಕೊಡಲು ತಯಾರಿದ್ದೇವೆ. ಬರುವ ನವೆಂಬರಿನೊಳಗೆ ಪಂಚಾಯಿತಿಯೂ ಅರಣ್ಯ ಇಲಾಖೆಯೂ ಒಪ್ಪಿಗೆ ಕೊಡಬೇಕು.